ಟ್ರ್ಯಾಕ್ಟರ್ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ: ಕೃಷಿ ಯಂತ್ರಗಳ ಆಯ್ಕೆ ಮತ್ತು ಖರ್ಚಿನ ಮಾರ್ಗದರ್ಶಿ

2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.36 ಹೆಕ್ಟೇರ್, ಅಂದರೆ ಸುಮಾರು 3 ಎಕರೆ 14 ಗುಂಟೆ. ಎರಡು ಬೆಳೆ ತೆಗೆದರೂ ಇಷ್ಟು ಜಮೀನಿನಲ್ಲಿ 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ವರ್ಷಕ್ಕೆ ಮೂರ್ನಾಲ್ಕು ದಿನಗಳಿಗಿಂತ ಹೆಚ್ಚು ಕೆಲಸವಿರುವುದಿಲ್ಲ. ಉಳಿದ ದಿನಗಳಲ್ಲಿ ಅದು ಮನೆಯ ಮುಂದೆ ನಿಂತಿರುತ್ತದೆ, ಆದರೆ ಅದರ ಕಂತು, ಬಡ್ಡಿ ಮತ್ತು ವಿಮೆ ನಿಂತಿರುವುದಿಲ್ಲ. ಹಾಗೆಂದು ಸಣ್ಣ ರೈತರು ಯಂತ್ರ ಕೊಳ್ಳಲೇಬಾರದು ಎಂದಲ್ಲ. ಯಾವ ಯಂತ್ರವನ್ನು ಸ್ವಂತಕ್ಕೆ ಕೊಳ್ಳಬೇಕು, ಯಾವುದನ್ನು ಬಾಡಿಗೆಗೆ ಕರೆಯಬೇಕು ಎಂಬುದನ್ನು ಮಳಿಗೆಗೆ ಹೋಗುವ ಮೊದಲೇ, ಮನೆಯಲ್ಲಿ ಕುಳಿತು, ಕಾಗದದ ಮೇಲೆ ತೀರ್ಮಾನಿಸಿಕೊಳ್ಳಬೇಕು. ಆ ತೀರ್ಮಾನಕ್ಕೆ ಬರುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ. ಲೆಕ್ಕಕ್ಕೆ ಬಳಸಿರುವ ಬೆಲೆ ಮತ್ತು ಬಾಡಿಗೆ ದರಗಳು ಉದಾಹರಣೆಗಳು ಮಾತ್ರ. ಅವುಗಳ ಜಾಗದಲ್ಲಿ ನಿಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಮೊದಲ ಹಂತ: ಕೆಲಸಗಳ ಪಟ್ಟಿ

ಒಂದು ನೋಟ್‌ಬುಕ್ಕಿನಲ್ಲಿ ಕಳೆದ ವರ್ಷ ನಿಮ್ಮ ಜಮೀನಿನಲ್ಲಿ ನಡೆದ ಎಲ್ಲ ಕೆಲಸಗಳನ್ನೂ ತಿಂಗಳುವಾರು ಬರೆಯಿರಿ. ಮಾಗಿ ಉಳುಮೆ, ಹರಗುವುದು, ಹೆಂಟೆ ಒಡೆಯುವುದು, ಬಿತ್ತನೆ, ಎಡೆ ಹೊಡೆಯುವುದು, ಔಷಧ ಸಿಂಪಡಣೆ, ಕೊಯ್ಲು, ಒಕ್ಕಣೆ, ಸಾಗಣೆ ಇವುಗಳಲ್ಲಿ ಯಾವುದನ್ನೂ ಬಿಡಬೇಡಿ. ಪ್ರತಿ ಕೆಲಸದ ಎದುರು ಮೂರು ವಿಷಯಗಳಿರಲಿ: ಎಷ್ಟು ಎಕರೆಗೆ ನಡೆಯಿತು, ಎಷ್ಟು ಹಣ ಕೊಟ್ಟಿರಿ, ಮತ್ತು ಬೇಕಾದ ದಿನಕ್ಕೂ ಕೆಲಸವಾದ ದಿನಕ್ಕೂ ನಡುವೆ ಎಷ್ಟು ದಿನ ಕಳೆಯಿತು. ಬಹುಪಾಲು ರೈತರು ಎರಡನೆಯದನ್ನು ನೆನಪಿಟ್ಟಿರುತ್ತಾರೆ, ಮೂರನೆಯದನ್ನು ಬರೆದಿಟ್ಟಿರುವುದಿಲ್ಲ. ಯಂತ್ರದ ಆಯ್ಕೆಯಲ್ಲಿ ಮಾತ್ರ ಹೆಚ್ಚು ತೂಕ ಆ ಮೂರನೆಯದಕ್ಕೇ ಇರುತ್ತದೆ.

ಈ ಪಟ್ಟಿ ಸಿದ್ಧವಾದಾಗ ಅನೇಕರಿಗೆ ಅಚ್ಚರಿಯಾಗುವುದುಂಟು. ಟ್ರ್ಯಾಕ್ಟರ್ ಬೇಕು ಎಂದು ಹೊರಟವರ ಲೆಕ್ಕದಲ್ಲಿ ಉಳುಮೆಗಿಂತ ಕಳೆ ತೆಗೆಯುವ ಕೂಲಿಗೇ ಹೆಚ್ಚು ಹಣ ಹೋಗಿರುತ್ತದೆ, ಇಲ್ಲವೇ ಔಷಧ ಸಿಂಪಡಿಸಲು ಆಳು ಸಿಗದೆ ಬೆಳೆ ಹಾಳಾಗಿರುತ್ತದೆ. ಅಂಥವರ ಮೊದಲ ಖರೀದಿ ಪವರ್ ವೀಡರೋ ಸಿಂಪಡಣೆಯ ಪಂಪೋ ಆಗಬೇಕೇ ಹೊರತು ಟ್ರ್ಯಾಕ್ಟರಲ್ಲ. ಉಳುಮೆಗೆ ಊರಿನಲ್ಲಿ ಬಾಡಿಗೆ ಟ್ರ್ಯಾಕ್ಟರುಗಳು ಹೇಗೂ ಇರುತ್ತವೆ. ಕಳೆ ತೆಗೆಯುವ ಯಂತ್ರವನ್ನು ಬಾಡಿಗೆಗೆ ಕೊಡುವವರು ಮಾತ್ರ ವಿರಳ.

ಎರಡನೆಯ ಹಂತ: ಕೆಲಸವನ್ನು ಗಂಟೆಗೆ ಪರಿವರ್ತಿಸುವುದು

ಯಂತ್ರ ಒಂದು ಗಂಟೆಯಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಮಾರಾಟಗಾರರ ಮಾತಿನಿಂದ ತಿಳಿಯಬೇಕಾಗಿಲ್ಲ, ಸುಲಭವಾಗಿ ನೀವೇ ಲೆಕ್ಕ ಹಾಕಬಹುದು. ಉಪಕರಣದ ಅಗಲವನ್ನು ವೇಗದಿಂದ ಗುಣಿಸಿ, ತಿರುವು, ಮೂಲೆ ಮತ್ತು ನಿಲುಗಡೆಗಳಿಗಾಗಿ ಐದನೆಯ ಒಂದು ಭಾಗವನ್ನು ಕಳೆಯಿರಿ. ಮಣ್ಣನ್ನು ಪುಡಿ ಮಾಡುವ ಆರು ಅಡಿಯ ರೋಟಾವೇಟರಿನ ಅಗಲ ಸುಮಾರು 1.8 ಮೀಟರ್. ಗಂಟೆಗೆ 3.5 ಕಿಲೋಮೀಟರ್ ವೇಗದಲ್ಲಿ ಅದು 6,300 ಚದರ ಮೀಟರ್ ನೆಲವನ್ನು ಹಾಯುತ್ತದೆ. ಐದನೆಯ ಒಂದು ಭಾಗ ಕಳೆದರೆ ಉಳಿಯುವುದು 5,040 ಚದರ ಮೀಟರ್, ಅಂದರೆ ಒಂದೂಕಾಲು ಎಕರೆಗೆ ತುಸು ಕಡಿಮೆ. ಬದುಗಳ ನಡುವೆ ಹತ್ತು-ಹದಿನೈದು ಗುಂಟೆಯ ತುಂಡುಗಳಾಗಿ ಹರಿದುಹೋದ ಜಮೀನಾದರೆ ಗಂಟೆಗೆ ಒಂದು ಎಕರೆ ಎಂದು ಹಿಡಿಯುವುದೇ ಕ್ಷೇಮ.

ಇದೇ ರೀತಿ ಲೆಕ್ಕ ಹಾಕಿದರೆ, ಸಾಮಾನ್ಯ ಮಳೆಯಾಶ್ರಿತ ಬೆಳೆಯೊಂದಕ್ಕೆ ಎಕರೆಗೆ ಎರಡು ಸಲ ಕಲ್ಟಿವೇಟರ್ ಹೊಡೆಯಲು ಒಂದೂವರೆ ಗಂಟೆ, ರೋಟಾವೇಟರಿಗೆ ಒಂದು ಗಂಟೆ, ಕೂರಿಗೆಯ ಬಿತ್ತನೆಗೆ ಮುಕ್ಕಾಲು ಗಂಟೆ, ಗೊಬ್ಬರ ಮತ್ತು ಫಸಲಿನ ಸಾಗಣೆಗೆ ಮುಕ್ಕಾಲು ಗಂಟೆ, ಒಟ್ಟು ನಾಲ್ಕು ಗಂಟೆಯ ಕೆಲಸವಾಗುತ್ತದೆ. ಹತ್ತು ಎಕರೆಯಲ್ಲಿ ಮುಂಗಾರು ಮತ್ತು ಹಿಂಗಾರು ಎರಡೂ ಬೆಳೆ ತೆಗೆಯುವ ರೈತನಿಗೆ ವರ್ಷಕ್ಕೆ 80 ಗಂಟೆ. ಈ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ಮೂರನೆಯ ಹಂತ: ನಿಂತರೂ ತಗಲುವ ಖರ್ಚು, ಓಡಿದರೆ ತಗಲುವ ಖರ್ಚು

ಯಂತ್ರದ ವೆಚ್ಚದಲ್ಲಿ ಎರಡು ಭಾಗಗಳಿವೆ. ಯಂತ್ರ ಓಡಲಿ, ಬಿಡಲಿ, ಪ್ರತಿ ವರ್ಷ ತಗಲುವುದು ಮೊದಲನೆಯದು: ಸವಕಳಿ, ಬಡ್ಡಿ, ವಿಮೆ, ನೆರಳಿನ ವ್ಯವಸ್ಥೆ. ಓಡಿದ ಗಂಟೆಗೆ ತಕ್ಕಂತೆ ಏರುವುದು ಎರಡನೆಯದು: ಡೀಸೆಲ್, ಎಣ್ಣೆ, ರಿಪೇರಿ, ಚಾಲಕನ ಕೂಲಿ. ಭಾರತೀಯ ಮಾನಕ ಸಂಸ್ಥೆಯು ಕೃಷಿ ಯಂತ್ರಗಳ ವೆಚ್ಚವನ್ನು ಅಂದಾಜು ಮಾಡಲು ಹೊರತಂದಿರುವ ಐ.ಎಸ್. 9164 ಎಂಬ ಮಾನಕವೂ ಇದೇ ವಿಂಗಡಣೆಯನ್ನು ಅನುಸರಿಸುತ್ತದೆ. ಮಳಿಗೆಯವರು ಸಾಮಾನ್ಯವಾಗಿ ಗಂಟೆಗೆ ಎಷ್ಟು ಡೀಸೆಲ್ ಎಂದಷ್ಟೇ ಹೇಳುತ್ತಾರೆ. ಅದು ಎರಡನೆಯ ಭಾಗದ ಒಂದು ಅಂಶ ಮಾತ್ರ.

ಉದಾಹರಣೆಗೆ ಟ್ರ್ಯಾಕ್ಟರಿಗೆ 8,00,000 ರೂ., ರೋಟಾವೇಟರಿಗೆ 1,20,000 ರೂ., ಕಲ್ಟಿವೇಟರಿಗೆ 30,000 ರೂ., ಒಟ್ಟು 9,50,000 ರೂ. ಎಂದಿಟ್ಟುಕೊಳ್ಳೋಣ. ಹತ್ತು ವರ್ಷದ ನಂತರ ಮಾರಿದಾಗ ಎಲ್ಲ ಸೇರಿ 2,50,000 ರೂ. ಬಂದೀತು ಎಂದು ಅಂದಾಜಿಸಿದರೆ, ಕರಗಿದ 7,00,000 ರೂ.ಗಳನ್ನು ಹತ್ತು ವರ್ಷಕ್ಕೆ ಹಂಚಿದಾಗ ವರ್ಷದ ಸವಕಳಿ 70,000 ರೂ. ಆಗುತ್ತದೆ. ಕೊಂಡ ಬೆಲೆ ಮತ್ತು ಮಾರುವ ಬೆಲೆಗಳ ಸರಾಸರಿ 6,00,000 ರೂ. ಇದಕ್ಕೆ ಶೇ. 10ರಂತೆ ಬಡ್ಡಿ 60,000 ರೂ. ಸಾಲ ಮಾಡದೆ ಕೈಯಲ್ಲಿದ್ದ ಹಣವನ್ನೇ ಕೊಟ್ಟರೂ ಈ ಬಡ್ಡಿಯನ್ನು ಸೇರಿಸಲೇಬೇಕು, ಏಕೆಂದರೆ ಅದೇ ಹಣ ಬೇರೆ ಕಡೆ ಇದ್ದಿದ್ದರೆ ಏನಾದರೂ ದುಡಿಯುತ್ತಿತ್ತು, ಅಥವಾ ಕೊಳವೆಬಾವಿಗೋ ಹೈನುಗಾರಿಕೆಗೋ ಒದಗುತ್ತಿತ್ತು. ವಿಮೆ ಇತ್ಯಾದಿಗೆ 15,000 ರೂ. ಸೇರಿಸಿದರೆ ಯಂತ್ರ ನಿಂತಲ್ಲೇ ನಿಂತಿದ್ದರೂ ವರ್ಷಕ್ಕೆ 1,45,000 ರೂ. ಖರ್ಚು.

ಓಡಿಸುವ ಖರ್ಚಿಗೆ ಬಂದರೆ, ರೋಟಾವೇಟರಿನಂಥ ಭಾರದ ಕೆಲಸದಲ್ಲಿ ಗಂಟೆಗೆ ನಾಲ್ಕೂವರೆ ಲೀಟರ್ ಡೀಸೆಲ್ ಎಂದು ಹಿಡಿದರೆ, ಲೀಟರಿಗೆ 90 ರೂ.ಗಳಂತೆ 405 ರೂ. ಎಂಜಿನ್ ಎಣ್ಣೆ, ಫಿಲ್ಟರ್, ಟೈರ್, ಬ್ಲೇಡ್ ಮತ್ತು ರಿಪೇರಿಗೆ 120 ರೂ., ಚಾಲಕನಿಗೆ 125 ರೂ. ಸೇರಿ ಗಂಟೆಗೆ 650 ರೂ. ಊರಿನ ಬಾಡಿಗೆ ದರ ಗಂಟೆಗೆ 1,200 ರೂ. ಇದ್ದರೆ, ಸ್ವಂತ ಟ್ರ್ಯಾಕ್ಟರ್ ಓಡಿದ ಪ್ರತಿ ಗಂಟೆಗೆ ಉಳಿಯುವುದು 550 ರೂ. ನಿಂತರೂ ತಗಲುವ 1,45,000 ರೂ.ಗಳನ್ನು ಈ 550ರಿಂದ ಭಾಗಿಸಿದರೆ ಬರುವುದು 264 ಗಂಟೆ. ವರ್ಷಕ್ಕೆ ಅಷ್ಟು ಗಂಟೆ ಓಡಿಸಿದಾಗ ಮಾತ್ರ ಸ್ವಂತದ್ದೂ ಬಾಡಿಗೆಯದ್ದೂ ಸಮವಾಗುತ್ತವೆ.

ನಮ್ಮ ಹತ್ತು ಎಕರೆಯ ರೈತನ 80 ಗಂಟೆಗಳನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡಿ. ಬಾಡಿಗೆಗೆ ಮಾಡಿಸಿದರೆ ವರ್ಷಕ್ಕೆ 96,000 ರೂ. ಸ್ವಂತ ಟ್ರ್ಯಾಕ್ಟರಿನಲ್ಲಿ ಮಾಡಿದರೆ 1,45,000ಕ್ಕೆ 52,000 ಕೂಡಿಸಿ 1,97,000 ರೂ. ಅಂತರ 1,01,000 ರೂ. ಸ್ವಂತ ಕೆಲಸದಿಂದಲೇ 264 ಗಂಟೆ ತುಂಬಿಸಬೇಕಾದರೆ ಇದೇ ಬೆಳೆ ಪದ್ಧತಿಯಲ್ಲಿ 33 ಎಕರೆ ಬೇಕು. ಉಳಿದವರು ಬೇರೆಯವರ ಹೊಲಕ್ಕೆ ಬಾಡಿಗೆಗೆ ಹೋಗಿಯೇ ಅದನ್ನು ತುಂಬಿಸಬೇಕು. ಆಗ ಎರಡು ವಿಷಯಗಳನ್ನು ಮರೆಯಬಾರದು. ಊರಿನಲ್ಲಿ ಈಗಾಗಲೇ ಎಷ್ಟು ಟ್ರ್ಯಾಕ್ಟರುಗಳಿವೆ ಎಂಬುದು ಒಂದು, ಬಾಡಿಗೆಯ ಹಣ ಸುಗ್ಗಿಯವರೆಗೆ ಬಾಕಿ ಉಳಿಯುತ್ತದೆ ಎಂಬುದು ಇನ್ನೊಂದು. ನಾಲ್ಕು ಟ್ರ್ಯಾಕ್ಟರುಗಳಿರುವ ಊರಿಗೆ ಐದನೆಯದು ಬಂದಾಗ ಮೊದಲು ಇಳಿಯುವುದು ಬಾಡಿಗೆ ದರವೇ.

ಬೆಳಗಾವಿ ಮತ್ತು ಮಂಡ್ಯ ಭಾಗದ ಕಬ್ಬಿನ ರೈತರಿಗೆ ಈ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಸಾಗಣೆಯಿಂದಲೇ ಟ್ರ್ಯಾಕ್ಟರಿನ ಗಂಟೆಗಳು ತುಂಬುತ್ತವೆ. ಆದರೆ ಅಲ್ಲಿ ಎರಡು ಟ್ರೇಲರುಗಳ ಬಂಡವಾಳ ಮತ್ತು ಕಡಿಯುವ ಗ್ಯಾಂಗಿಗೆ ಮುಂಗಡವಾಗಿ ಕೊಡುವ ಹಣ ಹೊಸದಾಗಿ ಸೇರುತ್ತವೆ. ಗ್ಯಾಂಗಿನ ಮುಂಗಡ ಮುಳುಗಿದರೆ ಒಂದು ವರ್ಷದ ಸಾಗಣೆಯ ಆದಾಯವೇ ಹೋಗಬಹುದಾದ್ದರಿಂದ ಅದನ್ನು ಟ್ರ್ಯಾಕ್ಟರಿನ ಲೆಕ್ಕಕ್ಕೆ ಸೇರಿಸದೆ ಪ್ರತ್ಯೇಕ ವ್ಯವಹಾರವೆಂದೇ ಬರೆದಿಟ್ಟುಕೊಳ್ಳಬೇಕು.

ನಾಲ್ಕನೆಯ ಹಂತ: ಹದಕ್ಕೂ ಬೆಲೆ ಕಟ್ಟುವುದು

ಇಷ್ಟು ಓದಿದ ರೈತರು ಕೇಳಬಹುದಾದ ಪ್ರಶ್ನೆ ನ್ಯಾಯವಾದದ್ದೇ: ಮಳೆ ಬಿದ್ದು ಹದ ಬಂದ ದಿನ ಬಾಡಿಗೆಯವನು ಬರುವುದಿಲ್ಲ, ಅವನು ಮೊದಲು ತನ್ನ ಹೊಲ, ಆಮೇಲೆ ಅಣ್ಣತಮ್ಮಂದಿರ ಹೊಲ ಮುಗಿಸಿ ನಮ್ಮಲ್ಲಿಗೆ ಬರುವಷ್ಟರಲ್ಲಿ ನೆಲ ಆರಿರುತ್ತದೆ, ಆ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ಧಾರವಾಡ, ಗದಗ, ವಿಜಯಪುರದ ಎರೆ ಭೂಮಿಯಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಅಲ್ಲಿ ಮಳೆ ನಿಂತ ಕೂಡಲೇ ಹೊಲಕ್ಕೆ ಇಳಿದರೆ ಚಕ್ರ ಹೂತುಕೊಳ್ಳುತ್ತದೆ, ನಾಲ್ಕು ದಿನ ತಡವಾದರೆ ಹೆಂಟೆ ಏಳುತ್ತದೆ, ನಡುವೆ ಸಿಗುವ ಹದದ ದಿನಗಳು ಕೆಲವೇ.

ಆದರೆ ಈ ನಷ್ಟವನ್ನೂ ಅಂಕಿಗೆ ಇಳಿಸಿ ನೋಡಬೇಕು. ಹಿಂಗಾರಿನಲ್ಲಿ ಕಡಲೆಯ ಬಿತ್ತನೆ ತಡವಾಗಿ ಎಕರೆಗೆ ಒಂದು ಕ್ವಿಂಟಲ್ ಇಳುವರಿ ಕಡಿಮೆಯಾಯಿತು ಎಂದು ಹಿಡಿಯೋಣ. ಕ್ವಿಂಟಲಿಗೆ 5,500 ರೂ.ಗಳಂತೆ ಹತ್ತು ಎಕರೆಗೆ 55,000 ರೂ. ನಷ್ಟ. ಇದು ಸಣ್ಣ ಮೊತ್ತವಲ್ಲ, ಆದರೂ ಮೇಲಿನ 1,01,000 ರೂ.ಗಳ ಅಂತರವನ್ನು ಇದೊಂದೇ ತುಂಬುವುದಿಲ್ಲ. ಎರಡೂ ಹಂಗಾಮಿನಲ್ಲಿ, ಪ್ರತಿ ವರ್ಷವೂ, ಇಷ್ಟೇ ತಡವಾಗುತ್ತಿದ್ದರೆ ಸ್ವಂತ ಟ್ರ್ಯಾಕ್ಟರಿನ ಪರವಾಗಿ ತಕ್ಕಡಿ ತುಸು ವಾಲುತ್ತದೆ. ಮೊದಲ ಹಂತದ ಪಟ್ಟಿಯಲ್ಲಿ ತಡವಾದ ದಿನಗಳನ್ನು ಬರೆಯಲು ಹೇಳಿದ್ದು ಈ ಲೆಕ್ಕಕ್ಕಾಗಿಯೇ.

ಇದಕ್ಕೆ ಮಧ್ಯದ ದಾರಿಯೊಂದಿದೆ, ನನ್ನ ಅಭಿಪ್ರಾಯದಲ್ಲಿ ಐದರಿಂದ ಹದಿನೈದು ಎಕರೆಯ ರೈತರಲ್ಲಿ ಹೆಚ್ಚಿನವರಿಗೆ ಅದೇ ಸರಿಯಾದದ್ದು. ತಡವಾದರೆ ನಷ್ಟ ತರುವ ಕೆಲಸದ ಉಪಕರಣವನ್ನು ಮಾತ್ರ ಸ್ವಂತಕ್ಕೆ ಕೊಂಡು, ಎಳೆಯುವ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯುವುದು. ಬೀಜ ಮತ್ತು ಗೊಬ್ಬರವನ್ನು ಒಟ್ಟಿಗೆ ಬಿತ್ತುವ ಕೂರಿಗೆ ಮನೆಯಲ್ಲಿದ್ದರೆ, ಊರಿನ ಯಾವುದೇ ಖಾಲಿ ಟ್ರ್ಯಾಕ್ಟರಿಗೆ ಅದನ್ನು ಹೂಡಿ ಬಿತ್ತನೆ ಮುಗಿಸಬಹುದು. ಸ್ವಂತ ಕೂರಿಗೆಯಿಲ್ಲದವರು ಟ್ರ್ಯಾಕ್ಟರಿಗೂ ಕೂರಿಗೆಗೂ ಎರಡಕ್ಕೂ ಕಾಯಬೇಕಾಗುತ್ತದೆ. ಉಪಕರಣದ ಬೆಲೆ ಟ್ರ್ಯಾಕ್ಟರಿನ ಬೆಲೆಯ ಸಣ್ಣ ಪಾಲು ಮಾತ್ರ, ಮತ್ತು ಎಂಜಿನ್ ಇಲ್ಲದ ವಸ್ತುವಾದ್ದರಿಂದ ಹಲವು ವರ್ಷ ಬಾಳುತ್ತದೆ.

ಐದನೆಯ ಹಂತ: ಬಾಡಿಗೆ ಕೇಂದ್ರ ಮತ್ತು ಪಾಲುದಾರಿಕೆಯನ್ನು ವಿಚಾರಿಸುವುದು

ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯಡಿ ಹೋಬಳಿ ಮಟ್ಟದಲ್ಲಿ ಬಾಡಿಗೆ ಕೇಂದ್ರಗಳು ತೆರೆದಿವೆ. ಅನೇಕ ಜಿಲ್ಲೆಗಳಲ್ಲಿ ಇವುಗಳ ನಿರ್ವಹಣೆಯನ್ನು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಂಥ ಸಂಸ್ಥೆಗಳಿಗೆ ವಹಿಸಲಾಯಿತು. ನಿಮ್ಮ ಹೋಬಳಿಯ ಕೇಂದ್ರಕ್ಕೆ ಹೋದಾಗ ದರಪಟ್ಟಿಯನ್ನಷ್ಟೇ ನೋಡಿ ಬರಬೇಡಿ. ಯಾವ ಯಂತ್ರಗಳು ಈಗ ಓಡುವ ಸ್ಥಿತಿಯಲ್ಲಿವೆ, ಕಳೆದ ಬಿತ್ತನೆಯ ಕಾಲದಲ್ಲಿ ಹೆಸರು ಬರೆಸಿದವರು ಎಷ್ಟು ದಿನ ಕಾದರು, ಚಾಲಕ ಮತ್ತು ಡೀಸೆಲ್ ಬಾಡಿಗೆಯಲ್ಲೇ ಸೇರಿವೆಯೇ ಎಂದು ಕೇಳಿ. ಈ ಪ್ರಶ್ನೆಗಳನ್ನು ಸಿಬ್ಬಂದಿಗಿಂತ ಅಲ್ಲಿ ಬಾಡಿಗೆ ಪಡೆದ ರೈತರನ್ನೇ ಕೇಳುವುದು ಇನ್ನೂ ಉತ್ತಮ.

ನಾಲ್ಕೈದು ರೈತರು ಸೇರಿ ಕೊಳ್ಳುವುದು ಹೊಸ ಕಲ್ಪನೆಯೇನಲ್ಲ. ಮುಯ್ಯಾಳು ಪದ್ಧತಿಯಲ್ಲಿ ಎತ್ತು ಮತ್ತು ಆಳನ್ನು ಹಂಚಿಕೊಂಡು ಬೇಸಾಯ ಮಾಡಿದ ನಾಡಿನಲ್ಲಿ ಯಂತ್ರವನ್ನು ಹಂಚಿಕೊಳ್ಳುವುದು ಅಸಾಧ್ಯವೇನಲ್ಲ. ಆದರೂ ಇಂಥ ಪಾಲುದಾರಿಕೆಗಳು ಮುರಿಯುವುದು ಸಾಮಾನ್ಯವಾಗಿ ಹಣದ ವಿಷಯಕ್ಕಲ್ಲ, ಸರದಿಯ ವಿಷಯಕ್ಕೆ. ಹದ ಎಲ್ಲರ ಹೊಲಕ್ಕೂ ಒಂದೇ ದಿನ ಬರುತ್ತದೆ. ಆದ್ದರಿಂದ ಈ ವರ್ಷ ಯಾರ ಹೊಲ ಮೊದಲು, ಮುಂದಿನ ವರ್ಷ ಯಾರದು ಎಂಬ ಸರದಿ, ಗಂಟೆಗೆ ಇಷ್ಟೆಂದು ರಿಪೇರಿ ನಿಧಿಗೆ ಕಟ್ಟುವ ಹಣ, ಯಾರ ಕೈಯಲ್ಲಿ ಕೆಟ್ಟರೆ ಯಾರು ಸರಿಪಡಿಸಬೇಕು, ಒಬ್ಬರು ಹೊರಹೋದರೆ ಅವರ ಪಾಲನ್ನು ಹೇಗೆ ತೀರಿಸಬೇಕು ಎಂಬ ನಾಲ್ಕು ಅಂಶಗಳನ್ನು ಛಾಪಾ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಬೇಕು. ಬಾಂಧವರ ನಡುವೆ ಬರವಣಿಗೆ ಏಕೆ ಎನ್ನುವವರ ಜೊತೆ ಪಾಲುದಾರಿಕೆಗೆ ಇಳಿಯದಿರುವುದೇ ಲೇಸು.

ಆರನೆಯ ಹಂತ: ಯಂತ್ರದ ಗಾತ್ರ

ಕೊಳ್ಳುವುದೇ ಸರಿ ಎಂದು ಲೆಕ್ಕ ಹೇಳಿದ ಮೇಲೆ ಅಶ್ವಶಕ್ತಿಯ ಪ್ರಶ್ನೆ ಬರುತ್ತದೆ. ಎಂಜಿನ್ನಿನ ಅಶ್ವಶಕ್ತಿಯನ್ನಷ್ಟೇ ನೋಡಿ ತೀರ್ಮಾನಿಸಬಾರದು. ರೋಟಾವೇಟರ್, ರಾಶಿ ಮಷಿನ್ (ಒಕ್ಕಣೆ ಯಂತ್ರ) ಮುಂತಾದವುಗಳನ್ನು ತಿರುಗಿಸುವುದು ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ದಾಟಿಸುವ ಹಿಂಬದಿಯ ಪಿ.ಟಿ.ಒ. ದಂಡ. ಎಂಜಿನ್ 45 ಅಶ್ವಶಕ್ತಿಯದಾದರೆ ಪಿ.ಟಿ.ಒ.ದಲ್ಲಿ ಸಿಗುವುದು ಸುಮಾರು 38ರಿಂದ 40. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಇಂಥದೇ ಇನ್ನೊಂದು ಸಂಸ್ಥೆ ನಮ್ಮ ಗಡಿಯಾಚೆ ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿದೆ. ಪಿ.ಟಿ.ಒ. ಶಕ್ತಿ, ಇಂಧನ ಬಳಕೆ, ಎತ್ತುವ ಸಾಮರ್ಥ್ಯ ಎಲ್ಲವೂ ಪರೀಕ್ಷಾ ವರದಿಯಲ್ಲಿ ಇರುತ್ತವೆ. ಜಾಹೀರಾತಿನ ಕಾಗದದ ಬದಲು ಪರೀಕ್ಷಾ ವರದಿಯನ್ನು ತೋರಿಸಿ ಎಂದು ಮಳಿಗೆಯಲ್ಲಿ ಕೇಳಿದರೆ ತಪ್ಪೇನಿಲ್ಲ.

ಸ್ಥೂಲವಾಗಿ ಹೇಳುವುದಾದರೆ ಐದು ಅಡಿಯ ರೋಟಾವೇಟರಿಗೆ 35ರಿಂದ 40 ಅಶ್ವಶಕ್ತಿ, ಆರು ಅಡಿಯದಕ್ಕೆ 45ರ ಆಸುಪಾಸು, ಏಳು ಅಡಿಯದಕ್ಕೆ 50ಕ್ಕೂ ಮೇಲೆ ಬೇಕಾಗುತ್ತದೆ. ಕೋಲಾರ, ತುಮಕೂರಿನ ಕೆಂಪು ಮಣ್ಣಿನಲ್ಲಿ ಸಲೀಸಾಗಿ ಹೋಗುವ ಉಪಕರಣ ಎರೆ ಭೂಮಿಯಲ್ಲಿ ಎಂಜಿನ್ನನ್ನು ಉಸಿರುಗಟ್ಟಿಸಬಹುದು. ಎರಡು ಗುಳದ ಪಲ್ಟಿ ನೇಗಿಲಿನಿಂದ ಎರೆ ಭೂಮಿಯನ್ನು ಆಳವಾಗಿ ಉಳಬೇಕಾದರೆ 50ರ ಹತ್ತಿರದ ಟ್ರ್ಯಾಕ್ಟರೇ ಬೇಕು. ಆದರೆ ಆ ಉಳುಮೆ ಎರಡು-ಮೂರು ವರ್ಷಕ್ಕೊಮ್ಮೆ ಮಾಡುವಂಥದು. ಅದೊಂದಕ್ಕಾಗಿ ದೊಡ್ಡ ಟ್ರ್ಯಾಕ್ಟರ್ ಕೊಳ್ಳುವ ಬದಲು ಆ ಕೆಲಸವನ್ನು ಬಾಡಿಗೆಗೆ ಮಾಡಿಸಿ, ದಿನನಿತ್ಯದ ಕೆಲಸಕ್ಕೆ ತಕ್ಕುದನ್ನು ಕೊಳ್ಳುವುದು ಜಾಣತನ. ಇಲ್ಲೊಂದು ಮಾತು ಸೇರಿಸಬೇಕು: ಪ್ರತಿ ಹಂಗಾಮಿನಲ್ಲೂ ಬರೀ ರೋಟಾವೇಟರ್ ಹೊಡೆಯುತ್ತಾ ಹೋದರೆ ಮೇಲಿನ ನಾಲ್ಕೈದು ಅಂಗುಲ ಮಣ್ಣು ಹಿಟ್ಟಾಗಿ ಅದರ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ, ನೀರು ಇಂಗುವುದಿಲ್ಲ. ರೋಟಾವೇಟರನ್ನು ಕೊಂಡವರು ಅದನ್ನು ದುಡಿಸಲೇಬೇಕೆಂಬ ಹಟಕ್ಕೆ ಬೀಳುವುದನ್ನು ಊರೂರಲ್ಲಿ ಕಾಣಬಹುದು.

50 ಅಶ್ವಶಕ್ತಿಯ ಗೆರೆಗೆ ಇನ್ನೊಂದು ಮಹತ್ವವಿದೆ. ಹೊಗೆ ನಿಯಂತ್ರಣದ ಟ್ರೆಮ್ 4 ಮಾನದಂಡ 2023ರ ಜನವರಿ 1ರಿಂದ 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಜಾರಿಯಾಗಿದೆ. ಅಂಥ ಎಂಜಿನ್ನುಗಳಲ್ಲಿ ಇಂಧನ ಪೂರೈಕೆಯನ್ನು ಎಲೆಕ್ಟ್ರಾನಿಕ್ ವ್ಯವಸ್ಥೆ ನಿಯಂತ್ರಿಸುವುದರಿಂದ ಬೆಲೆಯೂ ಹೆಚ್ಚು, ದೋಷ ಪತ್ತೆಗೆ ಕಂಪನಿಯ ಉಪಕರಣವೂ ಬೇಕು. ಊರಿನ ಮೆಕ್ಯಾನಿಕ್ ಕೈಯಲ್ಲೇ ರಿಪೇರಿ ಆಗಬೇಕೆನ್ನುವವರು ಆ ಗೆರೆಯ ಕೆಳಗೇ ಉಳಿಯುವುದು ಒಳ್ಳೆಯದು.

ಗದ್ದೆ ಮತ್ತು ತೋಟದ ಲೆಕ್ಕವೇ ಬೇರೆ. ಮಲೆನಾಡು ಮತ್ತು ಕರಾವಳಿಯ ಸಣ್ಣ ಗದ್ದೆಗಳಲ್ಲಿ 12-13 ಅಶ್ವಶಕ್ತಿಯ ಪವರ್ ಟಿಲ್ಲರ್ ಇಂದಿಗೂ ಉಪಯುಕ್ತ. ಅದನ್ನು ಬದು ದಾಟಿಸಬಹುದು, ಮೂಲೆಗೆ ತಿರುಗಿಸಬಹುದು, ಆದರೆ ದಿನವಿಡೀ ಹಿಂದೆ ನಡೆಯುವ ಮನುಷ್ಯನ ತೋಳು ಸೋಲುತ್ತದೆ ಎಂಬುದನ್ನೂ ಗಣಿಸಬೇಕು. ಅಡಿಕೆ ತೋಟದಲ್ಲಿ ಮರಗಳ ಅಂತರ 9 ಅಡಿ ಇದ್ದರೆ 25 ಅಶ್ವಶಕ್ತಿಯೊಳಗಿನ ಮಿನಿ ಟ್ರ್ಯಾಕ್ಟರ್ ಒಳಗೆ ಹೋಗುತ್ತದೆ ಎಂದು ಮಳಿಗೆಯಲ್ಲಿ ಹೇಳುತ್ತಾರೆ. ಅದು ಬಯಲುಸೀಮೆಯ ಸಮತಟ್ಟಾದ ತೋಟದ ಮಾತು. ಉತ್ತರ ಕನ್ನಡದ ಕಣಿವೆಯ ತೋಟಗಳಲ್ಲಿ ಸಾಲುಗಳ ನಡುವೆ ಬಸಿಗಾಲುವೆ ಇರುತ್ತದೆ, ಇತರೆಡೆ ಹನಿ ನೀರಾವರಿಯ ಪೈಪುಗಳು ಅಡ್ಡ ಬರುತ್ತವೆ, ಎಡೆಯಲ್ಲಿ ಬಾಳೆ, ಕೋಕೋ, ಕಾಳುಮೆಣಸಿನ ಬಳ್ಳಿಗಳಿರುತ್ತವೆ. ಯಂತ್ರವನ್ನು ತೋಟಕ್ಕೆ ತರಿಸಿ ಒಂದು ಸಾಲು ಓಡಿಸಿ ನೋಡದೆ ಹಣ ಕೊಡಬೇಡಿ. ಅಡಿಕೆ ಬೆಳೆಗಾರರಿಗೆ ಇತ್ತೀಚಿನ ವರ್ಷಗಳಲ್ಲಿ ನಿಜವಾಗಿ ನೆರವಾದದ್ದು ಟ್ರ್ಯಾಕ್ಟರಿಗಿಂತ ಹೆಚ್ಚಾಗಿ, ನೆಲದಲ್ಲೇ ನಿಂತು ಅಡಿಕೆ ಗೊನೆ ಕೊಯ್ಯಲು ಮತ್ತು ಬೋರ್ಡೋ ದ್ರಾವಣ ಸಿಂಪಡಿಸಲು ಅನುಕೂಲವಾದ ಕಾರ್ಬನ್ ಫೈಬರ್ ದೋಟಿ. ಹಗುರವಾದ ಒಂದು ಕೋಲು ಮರ ಹತ್ತುವವರ ಕೊರತೆಗೆ ಇಷ್ಟರಮಟ್ಟಿಗೆ ಉತ್ತರವಾದೀತೆಂದು ಹಿಂದೆ ಯಾರೂ ಎಣಿಸಿರಲಾರರು.

ಬೆಂಗಳೂರಿನ ಜಿ.ಕೆ.ವಿ.ಕೆ. ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಗಳಲ್ಲಿ ಹಲವು ಕಂಪನಿಗಳ ಯಂತ್ರಗಳನ್ನು ಒಂದೇ ಕಡೆ ಹೋಲಿಸಿ ನೋಡಬಹುದು. ನೋಡುವುದಕ್ಕೆ ಮೇಳ ಒಳ್ಳೆಯದು, ಮುಂಗಡ ಕೊಡುವುದಕ್ಕಲ್ಲ.

ಏಳನೆಯ ಹಂತ: ದರಪಟ್ಟಿ, ಸಹಾಯಧನ, ಸಾಲ

ಕನಿಷ್ಠ ಮೂರು ಮಳಿಗೆಗಳಿಂದ ಲಿಖಿತ ಕೊಟೇಶನ್ ಪಡೆಯಿರಿ. ಅದರಲ್ಲಿ ಯಂತ್ರದ ಬೆಲೆ, ಜಿ.ಎಸ್.ಟಿ., ನೋಂದಣಿ, ವಿಮೆ, ಮತ್ತು ಟಾಪ್ ಲಿಂಕ್, ಹುಕ್, ಬಂಪರ್ ಮುಂತಾದ ಬಿಡಿಭಾಗಗಳ ಬೆಲೆ ಬೇರೆಬೇರೆಯಾಗಿ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮತ್ತು ಬಹುಪಾಲು ಕೃಷಿ ಯಂತ್ರಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಟ್ರ್ಯಾಕ್ಟರಿನ ಟೈರ್ ಮತ್ತು ಹಲವು ಬಿಡಿಭಾಗಗಳ ಮೇಲಿನ ತೆರಿಗೆಯೂ ಶೇ. 18ರಿಂದ ಶೇ. 5ಕ್ಕೆ ಬಂದಿದೆ. ಹಳೆಯ ದರಪಟ್ಟಿಯನ್ನು ಮುಂದಿಟ್ಟು ಅದರ ಮೇಲೆ ರಿಯಾಯಿತಿ ಕೊಟ್ಟಂತೆ ತೋರಿಸಿದರೆ ಇದನ್ನು ನೆನಪಿಸಿ.

ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಮತ್ತು ರಾಜ್ಯದ ಯೋಜನೆಗಳಡಿ ಸಿಗುವ ಸಹಾಯಧನಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರವೇ ಬಾಗಿಲು. ಅರ್ಜಿಗೆ ರಾಜ್ಯದ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ ಪಡೆದ ಎಫ್.ಐ.ಡಿ. (ರೈತರ ಗುರುತಿನ) ಸಂಖ್ಯೆ ಬೇಕು, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ರಾಜ್ಯದಲ್ಲಿ ಸಣ್ಣ ಯಂತ್ರೋಪಕರಣಗಳಿಗೆ ಸಾಮಾನ್ಯ ವರ್ಗದ ರೈತರಿಗೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದ ರೈತರಿಗೆ ಶೇ. 90ರಷ್ಟು ಸಹಾಯಧನ ನೀಡುವ ಕ್ರಮ ರೂಢಿಯಲ್ಲಿದೆ, ಆದರೆ ಪ್ರತಿ ಯಂತ್ರಕ್ಕೂ ಗರಿಷ್ಠ ಮಿತಿಯೊಂದಿದ್ದು, ವರ್ಷದ ಅನುದಾನ ಮುಗಿದರೆ ಅರ್ಜಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿಯೆಂದರೆ, ಸಹಾಯಧನದ ಪಟ್ಟಿಯಲ್ಲಿರುವ ಪೂರ್ಣ ಬೆಲೆಯನ್ನು ಅದೇ ಮಾದರಿಯ ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸುವುದು. 60,000 ರೂ.ಗೆ ಹೊರಗೆ ಸಿಗುವ ವಸ್ತುವಿಗೆ ಪಟ್ಟಿಯಲ್ಲಿ 90,000 ರೂ. ಎಂದಿದ್ದರೆ, ಅರ್ಧ ಸಹಾಯಧನದ ನಂತರ ರೈತರ ವಂತಿಕೆ 45,000 ರೂ. ಆಗುತ್ತದೆ. ನಿಜವಾಗಿ ಉಳಿದದ್ದು 15,000 ರೂ. ಮಾತ್ರ. ಅದಕ್ಕಾಗಿ ಒಂದು ಹಂಗಾಮು ಕಾಯುವುದು ಲಾಭವೇ ಎಂಬುದನ್ನು ನೀವೇ ನಿರ್ಧರಿಸಬೇಕು. ಸಹಾಯಧನ ಇದೆಯೆಂಬ ಕಾರಣಕ್ಕೇ ಬೇಡದ ಯಂತ್ರವನ್ನು ಕೊಂಡು ಮೂಲೆಗೆ ಹಾಕಿದ ಉದಾಹರಣೆಗಳು ಎಲ್ಲ ತಾಲ್ಲೂಕುಗಳಲ್ಲೂ ಇವೆ.

ಸಾಲದ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಬಡ್ಡಿ ದರವನ್ನಲ್ಲ, ಬಡ್ಡಿಯನ್ನು ಲೆಕ್ಕ ಹಾಕುವ ಕ್ರಮವನ್ನು. 7,00,000 ರೂ. ಸಾಲವನ್ನು ಶೇ. 10ರ ದರದಲ್ಲಿ ಐದು ವರ್ಷಕ್ಕೆ ಪಡೆದು, ಆರು ತಿಂಗಳಿಗೊಂದರಂತೆ ಹತ್ತು ಕಂತುಗಳಲ್ಲಿ ತೀರಿಸುವುದಾದರೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ಪ್ರತಿ ಕಂತು ಸುಮಾರು 90,650 ರೂ. ಆಗಿ, ಐದು ವರ್ಷದ ಒಟ್ಟು ಬಡ್ಡಿ 2,06,500 ರೂ. ಆಗುತ್ತದೆ. ಅದೇ ಶೇ. 10ನ್ನು ಫ್ಲಾಟ್ ದರವೆಂದು ಹೇಳಿದರೆ ಪೂರ್ಣ ಸಾಲದ ಮೇಲೆ ಐದೂ ವರ್ಷ ಬಡ್ಡಿ ಬೀಳುವುದರಿಂದ 3,50,000 ರೂ. ಕಟ್ಟಬೇಕಾಗುತ್ತದೆ. ಮಾಸಿಕ ಕಂತು ಸಂಬಳದವರಿಗೆ ಹೊಂದುತ್ತದೆ. ಬೆಳೆಯಿಂದ ಹಣ ಬರುವವರು ಸುಗ್ಗಿಯ ನಂತರ ಬೀಳುವ ಅರ್ಧವಾರ್ಷಿಕ ಅಥವಾ ವಾರ್ಷಿಕ ಕಂತನ್ನೇ ಕೇಳಬೇಕು. ಸಹಕಾರಿ ಸಂಸ್ಥೆಗಳ ಮೂಲಕ ಶೇ. 3ರ ಬಡ್ಡಿಯಲ್ಲಿ ಕೊಡುವ ಮಧ್ಯಮಾವಧಿ ಮತ್ತು ದೀರ್ಘಾವಧಿ ಕೃಷಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ 10 ಲಕ್ಷದಿಂದ 15 ಲಕ್ಷ ರೂ.ಗೆ ಏರಿಸಿತು. ನೀವು ಕೊಳ್ಳಲಿರುವ ಯಂತ್ರಕ್ಕೆ ಅದು ಸಿಗುತ್ತದೆಯೇ ಎಂದು ನಿಮ್ಮ ಸಹಕಾರ ಸಂಘ ಮತ್ತು ಪಿಕಾರ್ಡ್ (ಪ್ರಾಥಮಿಕ ಸಹಕಾರ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ) ಬ್ಯಾಂಕಿನಲ್ಲಿ ವಿಚಾರಿಸಿ. ಬಡ್ಡಿಯಲ್ಲಿನ ಆ ವ್ಯತ್ಯಾಸದ ಮುಂದೆ ಮಳಿಗೆಯವರು ಕೊಡುವ ಯಾವ ಉಡುಗೊರೆಯೂ ದೊಡ್ಡದಲ್ಲ.

ಕಂತಿನ ಮೊತ್ತವನ್ನು ಒಳ್ಳೆಯ ಬೆಳೆಯ ವರ್ಷದ ಆದಾಯದೊಂದಿಗೆ ಹೋಲಿಸಬಾರದು. ಕಳೆದ ಐದು ವರ್ಷಗಳಲ್ಲಿ ಎರಡನೆಯ ಅತಿ ಕಡಿಮೆ ಆದಾಯ ಬಂದ ವರ್ಷವನ್ನು ಆರಿಸಿ, ಬೇಸಾಯದ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೆಯ ಒಂದು ಭಾಗವನ್ನು ವರ್ಷದ ಕಂತುಗಳು ಮೀರದಂತೆ ನೋಡಿಕೊಳ್ಳಿ. ಈ ಅಳತೆ ಬ್ಯಾಂಕಿನದಲ್ಲ, ನನ್ನದು. ಬ್ಯಾಂಕು ಇದಕ್ಕಿಂತ ಹೆಚ್ಚಿಗೆ ಕೊಡಲು ಸಿದ್ಧವಿರಬಹುದು, ಏಕೆಂದರೆ ಅದರ ಕೈಯಲ್ಲಿ ನಿಮ್ಮ ಪಹಣಿ ಇರುತ್ತದೆ.

ಹಳೆಯ ಯಂತ್ರವನ್ನು ಕೊಳ್ಳುವುದಾದರೆ

ಮೂರನೆಯ ಹಂತದ ಲೆಕ್ಕದಲ್ಲಿ ಅತಿ ದೊಡ್ಡ ಅಂಶ ಸವಕಳಿ ಎಂಬುದನ್ನು ಗಮನಿಸಿದವರಿಗೆ ಹಳೆಯ ಟ್ರ್ಯಾಕ್ಟರಿನ ಆಕರ್ಷಣೆ ಅರ್ಥವಾಗುತ್ತದೆ. ಮೊದಲ ಕೆಲವು ವರ್ಷಗಳ ಕುಸಿತವನ್ನು ಬೇರೆಯವರು ಹೊತ್ತಿರುತ್ತಾರೆ. ವರ್ಷಕ್ಕೆ 150 ಗಂಟೆಯೊಳಗಿನ ಕೆಲಸವಿರುವವರಿಗೆ ಇದು ಹೊಸದಕ್ಕಿಂತ ಮೇಲು. ನೋಡಲು ಹೋಗುವಾಗ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಎಣ್ಣೆ ಸುಡುತ್ತಿದೆ ಎಂದು ಅರ್ಥ. ಭಾರವಾದ ಉಪಕರಣವನ್ನು ಎತ್ತಿ ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಕಾಯಿರಿ, ಬೇಗನೆ ಕೆಳಗಿಳಿದರೆ ಹೈಡ್ರಾಲಿಕ್ ಸೋರುತ್ತಿದೆ. ಗಂಟೆಮೀಟರಿನ ಅಂಕಿಯನ್ನು ಪೆಡಲುಗಳ ಸವೆತ ಮತ್ತು ಟೈರಿನ ಹಲ್ಲುಗಳೊಂದಿಗೆ ತಾಳೆ ನೋಡಿ. ಆರ್.ಸಿ. ಪುಸ್ತಕದಲ್ಲಿ ಸಾಲದ ನಮೂದಿದ್ದರೆ, ಅದು ತೀರಿದ ಪತ್ರ ಮತ್ತು ಆ ನಮೂದನ್ನು ತೆಗೆಸಲು ಬೇಕಾದ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ವರ್ಗಾವಣೆಗೆ ಬೇಕಾದ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿಯನ್ನು ಅಂದೇ ಪಡೆಯಬೇಕು.

ಕೊಂಡ ಮೇಲೆ

ಯಂತ್ರ ಮನೆಗೆ ಬಂದ ದಿನವೇ ಒಂದು ಲಾಗ್ ಪುಸ್ತಕ ತೆರೆಯಿರಿ. ದಿನಾಂಕ, ಗಂಟೆಮೀಟರಿನ ಅಂಕಿ, ಯಾರ ಹೊಲ, ಯಾವ ಕೆಲಸ, ಎಷ್ಟು ಡೀಸೆಲ್, ಬಾಡಿಗೆ ಬಂದಿತೇ ಬಾಕಿಯೇ ಎಂಬ ಆರು ಕಾಲಂಗಳು ಸಾಕು. ಸರ್ವಿಸ್ ಪುಸ್ತಕದಲ್ಲಿ ಹೇಳಿರುವ ಗಂಟೆಗಳಿಗೆ ಸರಿಯಾಗಿ ಎಣ್ಣೆ ಬದಲಿಸಬೇಕು, ಧೂಳಿನ ಕಾಲದಲ್ಲಿ ಏರ್ ಕ್ಲೀನರನ್ನು ಪ್ರತಿದಿನ ನೋಡಬೇಕು. ಪಿ.ಟಿ.ಒ. ದಂಡದ ಮೇಲಿನ ರಕ್ಷಣಾ ಕವಚವನ್ನು ತೆಗೆದು ಎಸೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಪಂಚೆ, ಟವೆಲ್, ಸೀರೆಯ ಸೆರಗು ಸಿಕ್ಕಿಕೊಳ್ಳುವುದು ಅಲ್ಲಿಯೇ. ಟ್ರೇಲರಿನಲ್ಲಿ ಕೂಲಿಯವರನ್ನೋ ಮದುವೆಯ ದಿಬ್ಬಣವನ್ನೋ ಕೂರಿಸಿಕೊಂಡು ಹೋಗುವುದು ನಿಯಮಬಾಹಿರ. ಅಪಘಾತವಾದರೆ ವಿಮಾ ಕಂಪನಿ ಕೈಯೆತ್ತಬಹುದು, ಆಗ ಪರಿಹಾರದ ಹೊಣೆ ಮಾಲೀಕರ ಮೇಲೆಯೇ ಬರುತ್ತದೆ.

ವರ್ಷ ತುಂಬಿದಾಗ ಲಾಗ್ ಪುಸ್ತಕದ ಗಂಟೆಗಳನ್ನು ಕೂಡಿ, ಸ್ವಂತದ್ದೂ ಬಾಡಿಗೆಯದ್ದೂ ಸಮವಾಗಲು ಎಷ್ಟು ಗಂಟೆ ಬೇಕೆಂದು ನಿಮ್ಮದೇ ದರಗಳಲ್ಲಿ ಹಾಕಿಕೊಂಡ ಲೆಕ್ಕದೊಂದಿಗೆ ಹೋಲಿಸಿ. ಅರ್ಧಕ್ಕೂ ಮುಟ್ಟದಿದ್ದರೆ ಬಾಡಿಗೆಯ ಕೆಲಸ ಹುಡುಕಬೇಕು, ಅದು ಎರಡನೆಯ ವರ್ಷವೂ ಸಿಗದಿದ್ದರೆ ಒಳ್ಳೆಯ ಬೆಲೆ ಬರುವಾಗಲೇ ಮಾರುವ ಬಗ್ಗೆ ಮನೆಯವರೊಂದಿಗೆ ಮಾತಾಡಬೇಕು. ಸಾಲದ ಕೊನೆಯ ಕಂತು ಕಟ್ಟಿದ ಮೇಲೆ ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದು, ಸಾರಿಗೆ ಕಚೇರಿಯಲ್ಲಿ ಆರ್.ಸಿ.ಯಿಂದ ಸಾಲದ ನಮೂದನ್ನು ತೆಗೆಸಿ, ಜಮೀನನ್ನು ಅಡವಿಟ್ಟಿದ್ದರೆ ಪಹಣಿಯ 11ನೇ ಕಾಲಂನಲ್ಲಿರುವ ಬ್ಯಾಂಕಿನ ಹೆಸರನ್ನೂ ತೆಗೆಸಿಕೊಳ್ಳಬೇಕು. ಹಲವರು ಈ ಕೊನೆಯ ಕೆಲಸವನ್ನು ಬಿಟ್ಟುಬಿಡುತ್ತಾರೆ, ಮಕ್ಕಳು ಪಾಲು ಮಾಡಿಕೊಳ್ಳಲು ಹೋದಾಗ ಅದು ಪತ್ತೆಯಾಗುತ್ತದೆ.